ಸಿಎಸ್‌ಐ ಕರ್ತನ ಭೋಜನ ಕ್ರಮ: ಬಳಕೆಯಲ್ಲಿ ಹೇಗಿದೆ?

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದಾಗ ಒಂದು ತೊಡಕಿತ್ತು. ಆಂಗ್ಲಿಕನ್ನರು ಪುಸ್ತಕ ನೋಡಿ ಪ್ರಾರ್ಥಿಸುವವರು, ಕಾಂಗ್ರೆಗೇಷನಲ್ ಹಿನ್ನೆಲೆಯವರು ಪುಸ್ತಕವಿಲ್ಲದೆ ಪ್ರಾರ್ಥಿಸಿ ರೂಢಿಯಾದವರು. 1950ರಲ್ಲಿ ಹೊರಬಂದ ಕರ್ತನ ಭೋಜನ ಕ್ರಮ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ ಪಾಠ, ಇಬ್ಬರನ್ನೂ ಒಂದೇ ಮೇಜಿಗೆ ಕರೆತಂದಿತು. ಅದಕ್ಕೇ ಅದರ ಮೇಲೆ ನಮಗೆ ಇಷ್ಟು ಗೌರವ. ಐದರಲ್ಲಿ ನಾಲ್ಕೂವರೆ ಅಂಕ.

ಭಾಗಗಳು ಮೂರು: ಸಿದ್ಧತೆ, ವಾಕ್ಯಸೇವೆ, ರೊಟ್ಟಿ ಮುರಿಯುವುದು. ಪಾಪನಿವೇದನೆ ಸಿದ್ಧತೆಯಲ್ಲೇ ಮುಗಿಯುತ್ತದೆ. ವಾಕ್ಯಸೇವೆಯಲ್ಲಿ ಬೈಬಲ್ಲಿನ ಹಳೆಯ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ, ಸುವಾರ್ತೆ ಓದಿ ಪ್ರಸಂಗ, ಆಮೇಲೆ ವಿಶ್ವಾಸ ಪ್ರಮಾಣ (ನಂಬಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುವುದು). ಕೇಳಿದ್ದಕ್ಕೆ ಸಭೆ ಉತ್ತರ ಕೊಡುವ ಜಾಗ ಅದು. ಸಮಯ ಸಾಲದೆಂದು ಹಳೆಯ ಒಡಂಬಡಿಕೆಯ ಪಾಠ ಬಿಡುವುದು ತೀರಾ ಸಾಮಾನ್ಯ, ಆದರೆ ಅದರಿಂದ ಉಳಿಯುವುದು ಮೂರೇ ನಿಮಿಷ. ಸಮಯ ತಿನ್ನುವುದು ಪ್ರಕಟಣೆಗಳು. ಅವುಗಳಿಗೆ ಜಾಗ ವಿಶ್ವಾಸ ಪ್ರಮಾಣದ ನಂತರ, ವಿಜ್ಞಾಪನೆಗೆ (ಇತರರಿಗಾಗಿ ಮಾಡುವ ಪ್ರಾರ್ಥನೆಗೆ) ಮುಂಚೆ. ಯಾರಿಗಾಗಿ ಪ್ರಾರ್ಥಿಸಬೇಕೋ ಅದು ಆಗಲೇ ತಿಳಿಯಲಿ ಎಂದು. ಮದುವೆ, ಮೀಟಿಂಗ್, ಚಂದಾ ಎಲ್ಲವನ್ನೂ ಕೊನೆಯ ಆಶೀರ್ವಾದಕ್ಕೆ ಮುಂಚೆ ತುರುಕಿದರೆ ಭೋಜನದ ಗಾಂಭೀರ್ಯವೇ ಹೋಗುತ್ತದೆ.

ಸಭಾಪಾಲಕರು ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ರೋಮನ್ ಕಥೋಲಿಕರಲ್ಲಿ ಈ ರೂಢಿ ವ್ಯಾಪಕವಾದದ್ದು 1960ರ ದಶಕದಲ್ಲಿ.

ಈ ಕ್ರಮದ ಅತಿ ಚೆಂದದ ಭಾಗ ಸಮಾಧಾನ ಹಂಚುವುದು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು, ಆಮೇಲೆ ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚಬೇಕು. ಇದು ಸಭಾಪಾಲಕರಿಂದ ಶುರುವಾಗಿ ಸಹಾಯಕರಿಗೆ, ಅವರಿಂದ ಬೆಂಚಿನ ಸಾಲುಗಳಿಗೆ, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಕಾಣಿಕೆಗೆ ಮುಂಚೆ ಇಟ್ಟದ್ದು ಮತ್ತಾಯ 5:23-24ರ ಕಾರಣಕ್ಕೆ: ಸಹೋದರನೊಡನೆ ರಾಜಿಯಾಗಿ ಬಂದು ಕಾಣಿಕೆ ಅರ್ಪಿಸು. ಇದನ್ನು ಸಾಮಾನ್ಯ ಕೈಕುಲುಕಾಟ ಮಾಡಿಬಿಟ್ಟರೆ ಎಲ್ಲರೂ ಎಲ್ಲರ ಹತ್ತಿರ ಓಡಾಡಿ ಗದ್ದಲವಾಗುತ್ತದೆ, ಕಾಣಿಕೆಯ ಹಾಡು ಯಾರಿಗೂ ಕೇಳುವುದಿಲ್ಲ. ಪ್ರತಿ ಸಾಲಿನ ತುದಿಯವರಿಗೆ ಸಹಾಯಕರು ಕೊಡಲಿ, ಅಲ್ಲಿಂದ ಸಾಲಿನೊಳಗೆ ಹೋಗಲಿ. ಕೊನೆಯ ಬೆಂಚು ಮುಗಿದ ಮೇಲೇ ಹಾಡು ಎತ್ತಿ.

ರೊಟ್ಟಿ, ದ್ರಾಕ್ಷಾರಸ ಹಂಚುವ ಲೆಕ್ಕ ಮೊದಲೇ ಹಾಕಿಕೊಳ್ಳಿ. 200 ಮಂದಿ, ಒಂದು ಸಲಕ್ಕೆ 12 ಜನ ಮೊಣಕಾಲೂರಿದರೆ 17 ಸಲ. ಒಂದೊಂದಕ್ಕೆ 2 ನಿಮಿಷ ಹಿಡಿದರೂ 34 ನಿಮಿಷ. ಎರಡು ಜೋಡಿ ಹಂಚುವವರು ಎರಡು ಕಡೆ ನಿಂತರೆ ಅದು ಅರ್ಧಕ್ಕೆ ಇಳಿಯುತ್ತದೆ. ಒಂದೇ ಜೋಡಿಯಿಟ್ಟುಕೊಂಡು ಅವಸರ ಮಾಡುವುದಕ್ಕಿಂತ ಇದೇ ಸರಿ. ರೊಟ್ಟಿ ಪಡೆದವರು ದ್ರಾಕ್ಷಾರಸದ ಪಾತ್ರೆಗೆ ಕಾಯದೆ ಎದ್ದು ಹೋಗುವ ತಪ್ಪು ಅವಸರದಿಂದಲೇ ಆಗುವುದು.

ಅರ್ಧ ಅಂಕ ಕಡಿದದ್ದು ಎರಡು ಕಾರಣಕ್ಕೆ. ಹಲವೆಡೆ ಆಯ್ಕೆಗಳಿರುವುದರಿಂದ ಹೊಸಬರು ಪುಟ ಹುಡುಕುವುದರಲ್ಲೇ ಹಿಂದೆ ಬೀಳುತ್ತಾರೆ. ಹಾಡಿನ ನಂಬರಿನ ಪಟ್ಟಿಯ ಕೆಳಗೆ ಪುಟ ಸಂಖ್ಯೆಯನ್ನೂ ಬರೆದುಬಿಡಿ, ಸಾಕು. ಇನ್ನೊಂದು, ಉದ್ದ ವಾಕ್ಯಗಳ ಪ್ರಾರ್ಥನೆಯನ್ನು ಸಭೆ ಒಟ್ಟಿಗೆ ಹೇಳುವಾಗ ದನಿಗಳು ಹಿಂದುಮುಂದಾಗುತ್ತವೆ. ಅಲ್ಪವಿರಾಮದಲ್ಲಿ ನಿಲ್ಲಲು ಮೈಕಿನವರು ಕಲಿತರೆ ಉಳಿದವರು ತಾವಾಗಿಯೇ ಅವರ ಜೊತೆ ಬರುತ್ತಾರೆ.

ಕರ್ತನ ಪ್ರಾರ್ಥನೆಯ (ಯೇಸು ಕಲಿಸಿದ ಪ್ರಾರ್ಥನೆಯ) ನಂತರ ಬರುವ ಮೌನವನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಆ ಹೊತ್ತಿನಲ್ಲಿ ಕೀಬೋರ್ಡಿನ ಮೇಲಿಂದ ಕೈ ತೆಗೆಯಲು ವಾದಕರಿಗೆ ಮುಂಚೆಯೇ ಹೇಳಿಟ್ಟಿರಿ.