ಸಂಸತ್ ಸಮಿತಿ ವರದಿಗಳು: ಪುಕ್ಕಟೆ, ಕೆಲಸಕ್ಕೆ ಬರುತ್ತವೆ, ಕನ್ನಡದಲ್ಲಿ ಮಾತ್ರ ಇಲ್ಲ (ಐದಕ್ಕೆ ಮೂರು)

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕಡೆ ಸಣ್ಣ ಶೆಡ್ ಇಟ್ಟುಕೊಂಡವರಿಗೆ ಸರ್ಕಾರದ ಯೋಜನೆ ಗೊತ್ತಾಗುವುದು ಪೇಪರ್ ಜಾಹೀರಾತಿನಿಂದ, ಆಡಿಟರ್ ಬಾಯಿಂದ, ಇಲ್ಲ ವಾಟ್ಸಾಪ್‌ನಿಂದ. ಏನು ಕೊಡುತ್ತಾರೆ ಅನ್ನುವುದಷ್ಟೇ ಅಲ್ಲಿ ಇರುತ್ತದೆ. ಕೊಟ್ಟಿದ್ದು ತಲುಪಿತಾ ಅಂತ ಕೇಳುವವರು ಸಂಸತ್ತಿನ ಸ್ಥಾಯಿ ಸಮಿತಿಯವರು. ಅವರ ವರದಿ ಸಂಸತ್ತಿನ ವೆಬ್‌ಸೈಟಿನಲ್ಲಿ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಲೇತ್ ಕೆಲಸದವನು. ಹೋಟೆಲಿಗೆ, ಮೊಬೈಲಿಗೆ ರಿವ್ಯೂ ಬರೆಯುವ ನಾವು ಇದಕ್ಕೂ ಒಂದು ಬರೆಯಬಹುದಲ್ವಾ?

ಮೊದಲು ಎಲ್ಲಿ ಹುಡುಕಬೇಕು ಅನ್ನುವುದು. ಸಣ್ಣ ಕೈಗಾರಿಕೆಗಳ ಸಚಿವಾಲಯವನ್ನು ನೋಡಿಕೊಳ್ಳುವುದು ಕೈಗಾರಿಕಾ ಸ್ಥಾಯಿ ಸಮಿತಿ, ಇದು ರಾಜ್ಯಸಭೆಯ ಕಡೆ ಬರುತ್ತದೆ. ಸಾಲ, ಬ್ಯಾಂಕು ಅಂದರೆ ಹಣಕಾಸು ಸಮಿತಿ, ಅದು ಲೋಕಸಭೆಯ ಕಡೆ. ಎರಡೂ ಸಭೆಗಳ ಸದಸ್ಯರು ಸೇರಿ ಒಂದೊಂದು ಸಮಿತಿಯಲ್ಲಿ 31 ಜನ, ಬೇರೆ ಬೇರೆ ಪಕ್ಷದವರು ಇರುತ್ತಾರೆ. 1993ರಿಂದ ಈ ವ್ಯವಸ್ಥೆ ಇದೆ. ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ಗುಣಮಟ್ಟ ಚೆನ್ನಾಗಿದೆ, ನಿಜವಾಗಿ. ಕೋವಿಡ್ ಸಮಯದಲ್ಲಿ ಸರ್ಕಾರವೇ ಗ್ಯಾರಂಟಿ ನಿಲ್ಲುವ ಮೂರು ಲಕ್ಷ ಕೋಟಿ ರೂಪಾಯಿಯ ಸಾಲ ಅಂತ ಟಿವಿಯಲ್ಲಿ ದಿನವಿಡೀ ಹೇಳುತ್ತಿದ್ದರು. ಆರ್ಡರೇ ಇಲ್ಲದವನು ಸಾಲ ತಗೊಂಡು ಏನು ಮಾಡ್ತಾನೆ ಅಂತ ನಾವು ಟೀ ಅಂಗಡಿಯಲ್ಲಿ ಗೊಣಗುತ್ತಿದ್ದೆವು. 2021ರ ಜುಲೈನಲ್ಲಿ ಬಂದ ಕೈಗಾರಿಕಾ ಸಮಿತಿಯ ವರದಿ ಹೆಚ್ಚು ಕಡಿಮೆ ಅದನ್ನೇ ಹೇಳಿತು: ಸರ್ಕಾರದ ಕೋವಿಡ್ ನೆರವಿನ ಪ್ಯಾಕೇಜಿನಲ್ಲಿ ಇರುವುದು ಬಹುಪಾಲು ಸಾಲ, ಕೈಗೆ ದುಡ್ಡು ಓಡಾಡುವಂತೆ ಮಾಡುವ ತಕ್ಷಣದ ನೆರವು ಸಾಲದು ಅಂತ. 2022ರ ಏಪ್ರಿಲ್‌ನಲ್ಲಿ ಹಣಕಾಸು ಸಮಿತಿ ಸಣ್ಣ ಉದ್ಯಮಗಳ ಸಾಲದ ಕೊರತೆ 20ರಿಂದ 25 ಲಕ್ಷ ಕೋಟಿ ರೂಪಾಯಿ ಅಂದಾಜು ಅಂತ ಬರೆಯಿತು. ಆಳುವ ಪಕ್ಷದವರೂ ಕೂತಿರುವ ಸಮಿತಿ ಇಷ್ಟು ನೇರವಾಗಿ ಬರೆದದ್ದು ನನಗೆ ಹಿಡಿಸಿತು.

ಎಲ್ಲಕ್ಕಿಂತ ಉಪಯೋಗದ ಭಾಗ 'ಕ್ರಮ ಕೈಗೊಂಡ ವರದಿ'. ಸಮಿತಿ ಶಿಫಾರಸು ಮಾಡಿದ ಮೇಲೆ ಸಚಿವಾಲಯ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆ ಉತ್ತರಗಳನ್ನು ಸಮಿತಿ ಬೇರೆ ಬೇರೆ ಅಧ್ಯಾಯಕ್ಕೆ ಹಾಕುತ್ತದೆ: ಸರ್ಕಾರ ಒಪ್ಪಿದ್ದು, ಸಮಿತಿಯೇ ಕೈಬಿಟ್ಟಿದ್ದು, ಉತ್ತರ ಸಮಿತಿಗೆ ಒಪ್ಪಿಗೆಯಾಗದ್ದು, ಇನ್ನೂ ಉತ್ತರ ಬರಬೇಕಾದದ್ದು. ಕೊನೆಯ ಎರಡು ಓದಿ ಸಾಕು, ಯಾವ ವಿಷಯದಲ್ಲಿ ಸಚಿವಾಲಯ ಜಾರಿಕೊಳ್ಳುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಮ್ಮ ದೊಡ್ಡ ತಲೆನೋವು ಬಾಕಿ ಹಣ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಹೋದರೆ, ಇಂಥ ಬಾಕಿ ವಿಚಾರಣೆಗೆಂದೇ ಇರುವ ರಾಜ್ಯದ ಕೌನ್ಸಿಲ್ 90 ದಿನದಲ್ಲಿ ತೀರ್ಮಾನ ಮಾಡಬೇಕು. ಕಾಗದದಲ್ಲಿ ಎಲ್ಲಾ ಸೊಗಸಾಗಿದೆ. ಆದರೆ ವರ್ಷಪೂರ್ತಿ ಕೆಲಸ ಕೊಡುವ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಯಾರ ಹತ್ತಿರ ಕೇಳುವುದು? ನನ್ನದೇ ಒಂದು ಬಿಲ್ಲು ಅರ್ಧ ವರ್ಷ ದಾಟಿ ಕೂತಿತ್ತು, ಸುಮ್ನೆ ಕಾದೆ. ಸಮಿತಿಯವರು ಕೆದಕಬೇಕಾದ ಜಾಗ ಈ ಭಯ. ದೂರು ಎಷ್ಟು ಬಂತು, ಎಷ್ಟು ಮುಗಿಯಿತು ಅನ್ನುವ ಲೆಕ್ಕದಲ್ಲಿ ದೂರೇ ಕೊಡದವರು ಕಾಣುವುದಿಲ್ಲ.

ಉತ್ಪಾದಕತೆಯ ವಿಷಯದಲ್ಲಿ ಅಂಕ ಕಡಿಮೆ. ಶೆಡ್ಡಿನಲ್ಲಿ ಮಾಲು, ಸಮಯ ದಂಡವಾಗುವುದನ್ನು ತಗ್ಗಿಸುವ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ 90 ಪರ್ಸೆಂಟ್ ಕೇಂದ್ರ ಕೊಡುತ್ತದೆ, ಒಳ್ಳೆಯದೇ. ಆದರೆ ನಾನು ಓದಿದ ಮಟ್ಟಿಗೆ ಚರ್ಚೆ ಜಾಸ್ತಿ ನಡೆಯುವುದು ಬಜೆಟ್ ಎಷ್ಟು, ಖರ್ಚಾಗಿದ್ದು ಎಷ್ಟು, ನೋಂದಣಿ ಎಷ್ಟು ಅನ್ನುವುದರ ಮೇಲೆ. ಗಂಟೆಗೆ ಎಷ್ಟು ಪೀಸ್ ಜಾಸ್ತಿ ಬಂತು, ರಿಜೆಕ್ಷನ್ ಎಷ್ಟು ಇಳಿಯಿತು ಅಂತ ಕೇಳಿದರೆ ತಾನೇ ಯೋಜನೆ ಕೆಲಸ ಮಾಡಿತಾ ಅಂತ ತಿಳಿಯುವುದು.

ಉಳಿದ ದೂರುಗಳು. ವರದಿ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ತೀರ್ಥಹಳ್ಳಿಯಲ್ಲಿ ಹಾಳೆ ತಟ್ಟೆ ಮಾಡುವ ಹೆಂಗಸರ ಗುಂಪು ಇದನ್ನು ಓದುವುದು ಹೇಗೆ? ಸಮಿತಿ ಸಭೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಇಂಥ ಸಮಿತಿಗಳು ಸಚಿವರನ್ನು, ಕಂಪನಿಯವರನ್ನು ಕೂರಿಸಿ ಪ್ರಶ್ನಿಸುವುದನ್ನು ನೇರ ಪ್ರಸಾರದಲ್ಲಿ ನೋಡಬಹುದು. ನಮ್ಮಲ್ಲಿ ಯಾವ ಅಧಿಕಾರಿ ತಡವರಿಸಿದ ಅಂತ ನೋಡುವ ಭಾಗ್ಯ ಇಲ್ಲ. ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತಲೂ ಇಲ್ಲ, ಅದಕ್ಕೇ ಎರಡು ಅಂಕ ಕಳೆದಿದ್ದೇನೆ.

ಓದುವವರಿಗೆ ಒಂದು ಸಲಹೆ. ಮೊದಲ ಪುಟದಿಂದ ಹಿಡಿಯಬೇಡಿ, ನಿದ್ದೆ ಬರುತ್ತದೆ. ಶಿಫಾರಸುಗಳು ದಪ್ಪಕ್ಷರದಲ್ಲಿ ಇರುತ್ತವೆ, ಅವನ್ನಷ್ಟೇ ನೋಡುತ್ತಾ ಹೋಗಿ. ನಿಮ್ಮ ಕಷ್ಟ ಸಿಕ್ಕಿದರೆ ಆ ಪುಟದ ಪ್ರಿಂಟ್ ತೆಗೆದು, ನಮ್ಮ ಸಂಸದರು ಊರಿಗೆ ಬಂದಾಗ ಇದಕ್ಕೆ ಸಚಿವಾಲಯ ಏನು ಉತ್ತರ ಕೊಟ್ಟಿತು ಅಂತ ಕೇಳಿ.