ಹಸ್ಕ್ವಾರ್ನಾ ಟಿ435: ಮೂರು ಮರಗಸಿ ಕಂಡ ಮೇಲೆ

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಗುತ್ತಿಗೆ ಹಿಡಿಯಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಕೊಯ್ಲು ಮುಗಿದಲ್ಲಿಂದ ಮುಂಗಾರು ಹಿಡಿಯುವ ತನಕ ನಮಗೆ ಬಿಡುವಿಲ್ಲ. ಒಂಟಿ ಬಿದಿರಿನ ಏಣಿ, ಸೊಂಟಕ್ಕೊಂದು ಕತ್ತಿ, ಹೆಗಲಿಗೊಂದು ಹಗ್ಗ: ನನ್ನ ತಂದೆ ಇಷ್ಟರಲ್ಲೇ ದುಡಿದವರು. ನಾನು ಚೈನ್‌ಸಾ, ಅಂದರೆ ಎಂಜಿನ್ ಗರಗಸ, ಹಿಡಿದೆ. ಆದರೆ ನೆಲದ ಮೇಲೆ ನಿಂತು ಕೊಯ್ಯುವುದಕ್ಕೆಂದು ಮಾಡಿದ ಚೈನ್‌ಸಾವನ್ನೇ ಬಹಳ ವರ್ಷ ಮರದ ಮೇಲಕ್ಕೂ ಹೊತ್ತೆ. ಅದರ ಹಿಂದಿನ ಹಿಡಿ ಪ್ರತಿ ಕವಲಿನಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಬಲ ಭುಜ ಎತ್ತಲಾಗುತ್ತಿರಲಿಲ್ಲ.

ಟಿ435 ಮರ ಹತ್ತುವವರಿಗೆಂದೇ ಮಾಡಿದ ಚೈನ್‌ಸಾ. ಹಿಡಿ ಇರುವುದು ಎಂಜಿನ್ನಿನ ನೆತ್ತಿಯ ಮೇಲೆ. 35.2 ಸಿಸಿ ಎಂಜಿನ್. ಬಾರು (ಚೈನು ಸುತ್ತುವ ಉದ್ದನೆಯ ಅಲಗು), ಚೈನು ಬಿಟ್ಟು ತೂಕ 3.4 ಕಿಲೋ. ಹಿಂಬದಿಯಲ್ಲಿ ಒಂದು ಕೊಂಡಿಯಿದೆ, ಅದಕ್ಕೆ ಪಟ್ಟಿ ಹಾಕಿ ಸೊಂಟದಿಂದ ತೂಗಬಿಟ್ಟರೆ ಎರಡೂ ಕೈ ಹತ್ತುವುದಕ್ಕೆ ಸಿಗುತ್ತವೆ. ನಾನು ಹಾಕಿಸಿಕೊಂಡದ್ದು 12 ಇಂಚಿನ ಬಾರು. ಉದ್ದದ ಬಾರು ಬೇಕೆಂದು ಆಸೆಪಡುವವರಿಗೆ ಹೇಳುತ್ತೇನೆ, ಸಿಲ್ವರ್ ಓಕಿನ ಕೊಂಬೆಗೆ 12 ಧಾರಾಳವಾಯಿತು. ಬಾರು ಉದ್ದವಾದಷ್ಟೂ ಅದರ ತುದಿ ಎಲ್ಲಿದೆ ಎಂಬುದು ಎಲೆಗಳ ನಡುವೆ ಕಾಣುವುದಿಲ್ಲ. ತುದಿಯ ಮೇಲ್ಭಾಗ ಬೇರೊಂದು ಕೊಂಬೆಗೆ ತಾಗಿತೆಂದರೆ ಚೈನ್‌ಸಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ಚೈನನ್ನು ಥಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುವುದು ಆ ಹೊತ್ತಿಗೇ. ಪ್ರತಿದಿನ ಬೆಳಗ್ಗೆ ಹತ್ತುವ ಮೊದಲು ಅದು ಹಿಡಿಯುತ್ತದೆಯೇ ಎಂದು ನೋಡುತ್ತೇನೆ.

ನಮ್ಮ ಕೆಲಸದಲ್ಲಿ ಮರದಿಂದ ಮರಕ್ಕೆ ಚೈನಿನ ಪಾಡು ಬೇರೆ. ಹಾಲುವಾಣ ಮೆದು, ಒದ್ದೆ ಪುಡಿ ಉಂಡೆಕಟ್ಟಿ ಕವರಿನೊಳಗೆ ತುಂಬುತ್ತದೆ. ಹಲಸು ಕೊಯ್ದರೆ ಚೈನಿಗೆ ಮೇಣ ಮೆತ್ತಿಕೊಳ್ಳುತ್ತದೆ. ಬಿಸಿಯಿರುವಾಗಲೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸದಿದ್ದರೆ ಮರುದಿನ ಕಲ್ಲು. ಮತ್ತಿಯ ಒಣ ಕೊಂಬೆಯಂತೂ ಅರ್ಧ ದಿನಕ್ಕೆ ಹಲ್ಲಿನ ಮೊನೆ ತಿನ್ನುತ್ತದೆ. 4 ಮಿಲಿಮೀಟರಿನ ದುಂಡು ಅರ ಯಾವಾಗಲೂ ಜೇಬಿನಲ್ಲಿರುತ್ತದೆ. ಎರಡು ಸಲ ಪೆಟ್ರೋಲ್ ತುಂಬುವಷ್ಟರಲ್ಲಿ ಒಮ್ಮೆ ಕೆಳಗಿಳಿದು, ಪ್ರತಿ ಹಲ್ಲಿಗೂ ಎಣಿಸಿ ಮೂರು ಮೂರು ಎಳೆತ. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು. ಹಿಟ್ಟು ಕಂಡರೂ ಒತ್ತಿ ಕೊಯ್ಯುವವನು ಯಂತ್ರವನ್ನೂ ಕೆಡಿಸುತ್ತಾನೆ, ಸೋತ ಕೈಯಿಂದ ತಪ್ಪನ್ನೂ ಮಾಡುತ್ತಾನೆ.

ಇಷ್ಟು ಮೆಚ್ಚಿದ ಮೇಲೆ, ಈ ಬರಹ ಬರೆಯಲು ಕೂತದ್ದೇ ಯಾವುದಕ್ಕೋ ಅದನ್ನು ಹೇಳಬೇಕು. ಹಗುರವಾದ ಈ ಜಾತಿಯ ಚೈನ್‌ಸಾ ಒಂದೇ ಕೈಯಲ್ಲಿ ಕೊಯ್ಯಲು ಆಸೆ ಹುಟ್ಟಿಸುತ್ತದೆ. ಕೊಂಡ ಮೊದಲ ವರ್ಷ ನಮ್ಮ ತಂಡದ ಹುಡುಗನೊಬ್ಬ ಸುಮಾರು ನಲವತ್ತು ಅಡಿ ಎತ್ತರದಲ್ಲಿ ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈಯಲ್ಲಿ ಕೊಯ್ದ. ಕೊಂಬೆ ತುಂಡಾಯಿತು, ಬಾರು ಆ ವೇಗದಲ್ಲೇ ಕೆಳಗಿಳಿದು ಅವನ ಸೊಂಟದ ಹಗ್ಗಕ್ಕೆ ತಾಗಿತು. ಹಗ್ಗದ ಮುಕ್ಕಾಲು ಎಳೆ ಹೋಗಿತ್ತು. ಮೇಲಿನ ಕವಲಿಗೆ ಹಾಕಿದ್ದ ಎರಡನೆಯ ಹಗ್ಗ ಇದ್ದದ್ದರಿಂದ ಅವನು ಇಂದು ಮನೆಯಲ್ಲಿ ಮಗಳನ್ನು ಆಡಿಸುತ್ತಿದ್ದಾನೆ. ತಪ್ಪು ಯಂತ್ರದ್ದಲ್ಲ, ಅವನದ್ದೂ ಅಲ್ಲ. ಎರಡೂ ಕೈ ಹಿಡಿಯಲೇಬೇಕೆಂದು ಅವನಿಗೆ ಕಲಿಸದೆ ಮೇಲೆ ಹತ್ತಿಸಿದವನು ನಾನು.

ಅಂದಿನಿಂದ ನಮ್ಮಲ್ಲಿ ಚೈನ್‌ಸಾ ಶುರುವಾಗಬೇಕಾದರೆ ಎರಡು ಕಡೆ ಕಟ್ಟಿರಬೇಕು: ಮೇಲಿನ ಗಟ್ಟಿ ಕವಲಿನಿಂದ ಬಂದ ಹತ್ತುವ ಹಗ್ಗ ಒಂದು, ಕಾಂಡವನ್ನು ಬಳಸಿ ಸೊಂಟಕ್ಕೆ ಬರುವ ಉಕ್ಕಿನ ಎಳೆಯ ಲ್ಯಾನ್ಯಾರ್ಡ್ ಇನ್ನೊಂದು. ಉಕ್ಕಿನ ಎಳೆಯಿದ್ದರೂ ಚೈನು ತಾಗಿದರೆ ಪೂರ್ತಿ ತಡೆಯುತ್ತದೆಂದು ನಂಬಬಾರದು; ಕ್ಷಣಕಾಲ ತಡೆದರೂ ಅದೇ ಲಾಭ. ಹಗ್ಗ ಸಿಕ್ಕಿಸಲು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ ಪೆಟ್ಜಲ್ ಕಂಪನಿಯ ಸಿಕೋಯಾ. ಸೊಂಟದ ಪಟ್ಟಿ ಅಗಲ, ತೊಡೆಗೂ ಆಧಾರವಿದೆ, ಗಂಟೆಗಟ್ಟಲೆ ತೂಗಿ ಕೂತರೂ ಕಾಲು ಜೋಮು ಹಿಡಿಯುವುದಿಲ್ಲ. ಕಟ್ಟಡ ಕೆಲಸದ ಬೆನ್ನಿನ ಕೊಂಡಿಯ ಬೆಲ್ಟು ಹಾಕಿಕೊಂಡು ಮರ ಹತ್ತುವವರನ್ನು ಕಂಡಿದ್ದೇನೆ. ಬಿದ್ದರೆ ಹಿಡಿಯುವುದಕ್ಕೆ ಅದು ಸರಿ, ಕೂತು ಕೆಲಸ ಮಾಡುವುದಕ್ಕಲ್ಲ.

ಮರ ಹತ್ತಲು ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳು ಬೇಡವೇ ಬೇಡ. ನಮ್ಮ ಸಿಲ್ವರ್ ಓಕುಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಒಂದು ಮುಳ್ಳು ತಪ್ಪಿ ಬಳ್ಳಿಗೆ ನಾಟಿದರೆ ಸಾಹುಕಾರರ ಹಲವು ವರ್ಷದ ಫಸಲು ಒಣಗಿತು. ಉಳಿಯುವ ಮರದ ತೊಗಟೆಗೂ ಗಾಯ ಮಾಡಬಾರದು. ತೂಕದ ಚೀಲ ಕಟ್ಟಿದ ದಾರವನ್ನು ಕವಲಿಗೆ ಎಸೆದು, ಅದರ ಹಿಂದೆ ಹಗ್ಗ ಎಳೆದು ಹತ್ತುತ್ತೇವೆ. ಹತ್ತುವ ಮುನ್ನ ಚಗಳಿ (ಮರದ ಕೆಂಪಿರುವೆ) ಗೂಡು, ಜೇನು ಇದೆಯೇ ಎಂದು ನಾಲ್ಕೂ ದಿಕ್ಕಿನಿಂದ ನೋಡುವುದು ತಂದೆ ಕಲಿಸಿದ ಪಾಠ. ಚೈನ್‌ಸಾ ಹಿಡಿದಾಗ ಚಗಳಿ ಕುತ್ತಿಗೆಗೆ ಮುತ್ತಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಕೊಂಬೆಗೆ ಮೊದಲು ಕೆಳಗಿನಿಂದ ಕಚ್ಚು, ಆಮೇಲೆ ಸ್ವಲ್ಪ ಹೊರಗೆ ಮೇಲಿನಿಂದ. ಇಲ್ಲವಾದರೆ ಸಿಲ್ವರ್ ಓಕು ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬೀಳುತ್ತದೆ. ದಪ್ಪ ಕೊಂಬೆಯನ್ನು ಹಗ್ಗದಲ್ಲಿ ಇಳಿಸುತ್ತೇವೆ, ಕೆಳಗೆ ಕಾಫಿ ಗಿಡವಿದೆ. ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಚೈನ್‌ಸಾ ಶುರು ಮಾಡುವುದೇ ಇಲ್ಲ. ಸೊಂಟದಲ್ಲಿರುವ ಕೈಗರಗಸ ಸಾಕು.

ಬೆಲೆಯ ಮಾತು. ಚೈನ್‌ಸಾಕ್ಕೆ ನಮ್ಮ ಐದು ಜನರ ತಂಡದ ಸುಮಾರು ಹತ್ತು ದಿನದ ಕೂಲಿಯಷ್ಟು ಹೋಯಿತು. ಅಷ್ಟೇ ಹಣ ಕೈಯಲ್ಲಿದ್ದರೆ ಮೊದಲು ಹಾರ್ನೆಸ್, ಹಗ್ಗ, ಹೆಲ್ಮೆಟ್ ಕೊಳ್ಳಿ. ಒಂದು ವರ್ಷ ಕತ್ತಿ, ಕೈಗರಗಸದಲ್ಲೇ ಮರಗಸಿ ಮಾಡಿ, ಚೈನ್‌ಸಾ ಮುಂದಿನ ವರ್ಷಕ್ಕಿರಲಿ. ಸೌದೆ ಸೀಳುವುದಕ್ಕೆ, ಬಿದ್ದ ಮರ ತುಂಡು ಮಾಡುವುದಕ್ಕೆ ಇದನ್ನು ತೆಗೆದುಕೊಳ್ಳಲೇಬೇಡಿ. ನೆಲದ ಕೆಲಸಕ್ಕೆ ಹಿಂದೆ ಹಿಡಿಯಿರುವ ಚೈನ್‌ಸಾವೇ ಕ್ಷೇಮ.

ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಒಳ್ಳೆಯ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ), ಅಳೆದೇ ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ತೇವ ಹೀರುತ್ತದೆ. ನಮ್ಮ ಮಳೆಗಾಲದ ತೇವ ಎಂಥದ್ದೆಂದು ಹೇಳಬೇಕಾಗಿಲ್ಲ. ಜೂನ್ ಮೊದಲ ವಾರ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಿಸಿ, ಚೈನನ್ನು ಎಣ್ಣೆಯಲ್ಲಿ ಮುಳುಗಿಸಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ. ಮೂರು ಮಳೆಗಾಲ ಕಳೆದ ಮೇಲೂ ಸ್ಟಾರ್ಟರ್ ಹಗ್ಗದ ನಾಲ್ಕನೆಯ ಎಳೆತಕ್ಕೆ ಶುರುವಾಗುತ್ತಿದೆ.