ಗೂಗಲ್ ಫ್ಯಾಮಿಲಿ ಲಿಂಕ್: ಕೊಡಗಿನ ಮನೆಯಲ್ಲಿ ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ

ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಶಾಲೆಗೆ ರಜೆ ಯಾವ ದಿನ ಬರುತ್ತದೋ ಹೇಳಲಾಗದು. ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಹೊತ್ತಿಗೆ ಮನೆಯ ದೊಡ್ಡವರು ಕೆಲಸಕ್ಕೆ ಹೊರಟಾಗಿರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಅಷ್ಟೇ: ತೋಟಕ್ಕೆ ಹೋದವರು ಮನೆಗೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಮಗುವಿನ ಜೊತೆಗಿರುವುದು ಫೋನ್. ಪೋಷಕರು ತಮ್ಮ ಫೋನಿನಿಂದಲೇ ಮಗುವಿನ ಫೋನಿಗೆ ಮಿತಿ ಹಾಕಲು, ನಿಗಾ ಇಡಲು ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಇಂಥ ಹೊತ್ತಿಗೆ ಎಷ್ಟು ಒದಗುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. 8ರಿಂದ 12 ವರ್ಷದ ಮಗುವಿಗೆ ಸ್ವಂತದ್ದೊಂದು ಆಂಡ್ರಾಯ್ಡ್ ಫೋನ್ ಕೊಟ್ಟಿದ್ದರೆ ಫ್ಯಾಮಿಲಿ ಲಿಂಕ್ ಹಾಕಲೇಬೇಕು. ಉಚಿತ, ಜಾಹೀರಾತಿಲ್ಲ, ಕೆಲಸವೂ ಅಚ್ಚುಕಟ್ಟು. ಮನೆಗೆಲ್ಲ ಒಂದೇ ಫೋನ್ ಇದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಬೇರೆ ದಾರಿ ಹಿಡಿಯಬೇಕು. ಮಗುವಿನ ಕೈಯಲ್ಲಿ ಐಫೋನ್ ಇದ್ದರೆ ಆ್ಯಪಲ್‌ನವರದೇ ಸ್ಕ್ರೀನ್ ಟೈಮ್ ಬಳಸಿ. ಫ್ಯಾಮಿಲಿ ಲಿಂಕ್‌ನಿಂದ ಐಫೋನಿಗೆ ಬೀಗ ಹಾಕಲಾಗದು. ಪೋಷಕರ ಫೋನ್ ಮಾತ್ರ ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಎರಡೂ ನಡೆಯುತ್ತವೆ.

ಹಾಕುವ ಮೊದಲು ನೋಡಬೇಕಾದದ್ದು ಮಗುವಿನ ಗೂಗಲ್ ಖಾತೆಯಲ್ಲಿರುವ ಹುಟ್ಟಿದ ದಿನಾಂಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹೊಸ ಫೋನ್ ಕೊಂಡಾಗ ಅಂಗಡಿಯ ಹುಡುಗ ಅವಸರದಲ್ಲಿ ಯಾವುದೋ ಇಸವಿ ಒತ್ತಿ ಖಾತೆ ತೆರೆದುಕೊಟ್ಟಿರುತ್ತಾನೆ. ಗೂಗಲ್‌ನ ಲೆಕ್ಕದಲ್ಲಿ ನಿಮ್ಮ ಐದನೇ ಕ್ಲಾಸಿನ ಮಗು ಮೂವತ್ತು ದಾಟಿದ ದೊಡ್ಡವರು! ಆ ಖಾತೆಗೆ ಮಗುವಿನ ನಿಗಾ ಹಾಕಲು ಬರುವುದಿಲ್ಲ, ಯೂಟ್ಯೂಬ್ ಕೂಡ ದೊಡ್ಡವರಿಗೆ ತೋರಿಸುವುದನ್ನೇ ತೋರಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್’, ಅದರೊಳಗೆ ಖಾತೆಯ ‘ಪರ್ಸನಲ್ ಇನ್ಫೋ’ ತೆರೆದರೆ ದಿನಾಂಕ ಕಾಣುತ್ತದೆ. ತಪ್ಪಿದ್ದರೆ ಸರಿಪಡಿಸಿ. ಆ ಖಾತೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲವಾದರೆ ಹೊಸದಾಗಿ ಮಗುವಿನ ಖಾತೆಯನ್ನೇ ತೆರೆಯುವುದು ಸುಲಭ.

ಎರಡನೆಯದು, ಅಪ್ಪನ ಹಳೆಯ ಫೋನ್ ಮಗುವಿಗೆ ಬರುವ ವಿಚಾರ. ಅದರಲ್ಲಿ ಯುಪಿಐ, ಬ್ಯಾಂಕಿನ ಆ್ಯಪ್, ಹತ್ತಾರು ಗುಂಪುಗಳ ವಾಟ್ಸ್‌ಆ್ಯಪ್ ಎಲ್ಲ ಇರುತ್ತದೆ. ಫೋಟೋ ಮತ್ತು ವಾಟ್ಸ್‌ಆ್ಯಪ್ ಬ್ಯಾಕಪ್ ತೆಗೆದುಕೊಳ್ಳಿ, ಸೆಟ್ಟಿಂಗ್ಸ್‌ನಿಂದ ಅಪ್ಪನ ಗೂಗಲ್ ಖಾತೆ ತೆಗೆಯಿರಿ, ಅನಂತರ ಫ್ಯಾಕ್ಟರಿ ರೀಸೆಟ್ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಮತ್ತೆ ಆನ್ ಆದಾಗ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಬಹುದು. ಅದು ನೆನಪಿಲ್ಲದೆ ಪೇಟೆಗೆ ಓಡುವ ಪರಿಸ್ಥಿತಿ ಬರುತ್ತದೆ. ರೀಸೆಟ್ ಮಾಡದೆ ಮಗುವಿನ ಖಾತೆ ಸೇರಿಸಲು ಹೊರಟರೂ ದೊಡ್ಡವರ ಖಾತೆಯನ್ನು ಆ ಫೋನಿನಿಂದ ತೆಗೆಯಬೇಕಾಗುತ್ತದೆ, ಹಾಗಾಗಿ ಬ್ಯಾಕಪ್ ತಪ್ಪಿಸಬೇಡಿ.

ಈಗ ಜೋಡಣೆ. ಮಗುವಿನ ಫೋನಿನಲ್ಲಿ ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸದಿರಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್’, ಅಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ಒತ್ತಿ, ಈ ಫೋನ್ ಮಗುವಿನದು ಎಂದು ಆರಿಸಿ, ಮಗುವಿನ ಖಾತೆ ಹಾಕಿ, ನಿಮ್ಮ ಖಾತೆಯಿಂದ ಒಪ್ಪಿಗೆ ಕೊಡಿ. ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಇಳಿಸಿಕೊಳ್ಳಿ. ಎರಡೂ ಫೋನಿಗೆ ಇಂಟರ್‌ನೆಟ್ ಬೇಕು, ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ, ಅರ್ಧ ಗಂಟೆ ಬಿಡುವಿರಲಿ. ನೆಟ್‌ವರ್ಕ್ ಬಂದು ಹೋಗುವ ಊರಾದರೆ ಮಡಿಕೇರಿ, ಗೋಣಿಕೊಪ್ಪ ಅಥವಾ ಕುಶಾಲನಗರಕ್ಕೆ ಬಂದ ದಿನ ಮಾಡಿಕೊಳ್ಳುವುದು ಒಳ್ಳೆಯದು. ಕುಟುಂಬದ ಗುಂಪಿಗೆ ನಿಮ್ಮನ್ನೂ ಸೇರಿಸಿ 6 ಜನರಿಗೆ ಜಾಗವಿದೆ. ಇನ್ನೊಬ್ಬ ಪೋಷಕರನ್ನು ಸೇರಿಸಿ ಅವರಿಗೂ ಪೋಷಕರ ಅಧಿಕಾರ ಕೊಡಬಹುದು. ಅಪ್ಪ ಸೈನ್ಯದಲ್ಲಿ ದೂರದಲ್ಲಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಅಲ್ಲಿಂದಲೇ ಅವರು ಆ್ಯಪಿಗೆ ಒಪ್ಪಿಗೆ ಕೊಡಬಹುದು, ಸಮಯ ಹೆಚ್ಚಿಸಬಹುದು. ಆದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಅಮ್ಮ ಬೇಡವೆಂದ ಗೇಮಿಗೆ ಅಪ್ಪ ಒಪ್ಪಿಗೆ ಒತ್ತಿದರೆ ಮಗು ಮುಂದಿನ ಸಲ ಯಾರನ್ನು ಕೇಳಬೇಕೆಂದು ಕಲಿತುಬಿಡುತ್ತದೆ.

ಜೋಡಿಸುವಾಗ ಮಗು ಪಕ್ಕದಲ್ಲೇ ಕೂತಿರಲಿ. ಇದು ಕದ್ದು ನೋಡುವ ಆ್ಯಪ್ ಅಲ್ಲ. ಯಾವುದಕ್ಕೆ ಮಿತಿಯಿದೆ, ಅಪ್ಪ ಅಮ್ಮನಿಗೆ ಏನೇನು ಕಾಣುತ್ತದೆ ಎಂಬುದು ಮಗುವಿನ ಫೋನಿನಲ್ಲೂ ತೋರುತ್ತದೆ. ಫ್ಯಾಮಿಲಿ ಲಿಂಕ್‌ನ ಅತಿ ಒಳ್ಳೆಯ ಗುಣ ಯಾವುದೆಂದು ಕೇಳಿದರೆ ನಾವು ಹೇಳುವುದು ಇದನ್ನೇ.

ಸಮಯದ ಮಿತಿಯಲ್ಲಿ ಮೂರು ಬಗೆ. ‘ಡೌನ್‌ಟೈಮ್’ ರಾತ್ರಿಯ ಬೀಗ: ಪ್ರಾಥಮಿಕ ಶಾಲೆಯ ಮಗುವಿಗೆ ರಾತ್ರಿ 8:30ರಿಂದ ಬೆಳಗ್ಗೆ 6:30 ಇಡಿ. ‘ಡೈಲಿ ಲಿಮಿಟ್’ ದಿನಕ್ಕಿಷ್ಟು ಎಂಬ ಲೆಕ್ಕ: ಶಾಲೆಯ ದಿನ 1 ಗಂಟೆ, ಶನಿವಾರ ಭಾನುವಾರ 2 ಗಂಟೆಯಿಂದ ಶುರುಮಾಡಿ, ಎರಡು ವಾರ ನೋಡಿ ಬದಲಿಸಿ. ಈ ಲೆಕ್ಕ ಒಂದೊಂದು ಸಾಧನಕ್ಕೆ ಬೇರೆ ಬೇರೆ, ಫೋನಿನ ಜೊತೆ ಟ್ಯಾಬ್ ಕೂಡ ಇದ್ದರೆ ಮಗುವಿಗೆ ಸಿಗುವುದು ದುಪ್ಪಟ್ಟು. ‘ಸ್ಕೂಲ್ ಟೈಮ್’ ಶಾಲೆಯ ಹೊತ್ತಿನಲ್ಲಿ ನೀವು ಆರಿಸಿದ ಆ್ಯಪುಗಳನ್ನಷ್ಟೇ ಬಿಡುತ್ತದೆ. ಮಳೆ ರಜೆ ಅದಕ್ಕೆ ತಿಳಿಯದು. ರಜೆಯಾದ ದಿನವೂ ತನ್ನ ಹೊತ್ತಿಗೆ ಶುರುವಾಗುತ್ತದೆ, ನೀವೇ ಆಫ್ ಮಾಡಬೇಕು. ಫೋನ್ ಬೀಗ ಬಿದ್ದಾಗಲೂ ಬರುವ ಕರೆ ಎತ್ತಬಹುದು, ತುರ್ತು ಕರೆ ಮಾಡಬಹುದು. ಮನೆಯವರಿಗೆ ಮಗುವೇ ಕರೆ ಮಾಡುವಂತಾಗಲು ಫೋನ್ ಆ್ಯಪನ್ನು ‘ಆಲ್ವೇಸ್ ಅಲೌಡ್’ ಪಟ್ಟಿಗೆ ಸೇರಿಸಿ. ಮಕ್ಕಳಷ್ಟೇ ಇರುವ ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಅದು.

ಇನ್ನು ನಮ್ಮ ಜಿಲ್ಲೆಯ ನಿಜವಾದ ತೊಂದರೆ. ಕರೆಂಟ್ ಹೋಗಿ ಎರಡು ದಿನವಾದರೆ ಟವರೂ ಮಲಗುತ್ತದೆ. ಮೊದಲೇ ಹಾಕಿಟ್ಟ ಮಿತಿಗಳು ಮಗುವಿನ ಫೋನಿನಲ್ಲಿ ನಡೆಯುತ್ತಿರುತ್ತವೆ, ಆದರೆ ನೀವು ಹೊಸದಾಗಿ ಬದಲಿಸಿದ್ದು ಆ ಫೋನಿಗೆ ಇಂಟರ್‌ನೆಟ್ ಸಿಕ್ಕ ಮೇಲೆಯೇ ತಲುಪುತ್ತದೆ. ಪಾಪ, ಮಗು ಬೀಗ ಬಿದ್ದ ಫೋನ್ ಹಿಡಿದು ಕೂತಿರುತ್ತದೆ, ನೀವು ವಿರಾಜಪೇಟೆಯಿಂದ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟರೂ ಅದಕ್ಕೆ ಮುಟ್ಟುವುದಿಲ್ಲ. ಇದಕ್ಕೆಂದೇ ಫ್ಯಾಮಿಲಿ ಲಿಂಕ್‌ನಲ್ಲಿ ‘ಪೇರೆಂಟ್ ಆ್ಯಕ್ಸೆಸ್ ಕೋಡ್’ ಇದೆ. ನಿಮ್ಮ ಆ್ಯಪಿನಲ್ಲಿ ಕಾಣುವ ಆ ಅಂಕಿಗಳನ್ನು ಮಗುವಿನ ಫೋನಿನಲ್ಲಿ ಒತ್ತಿದರೆ ಅದು ಆಫ್‌ಲೈನ್ ಇದ್ದರೂ ಬೀಗ ತೆರೆಯುತ್ತದೆ. ಕೋಡ್ ಆಗಾಗ ಬದಲಾಗುವುದರಿಂದ ಒಮ್ಮೆ ಹೇಳಿದ್ದು ನಾಳೆಗೆ ನಡೆಯದು. ಅದು ಎಲ್ಲಿದೆ ಎಂದು ಮಳೆಗಾಲಕ್ಕೆ ಮೊದಲೇ ಹುಡುಕಿ, ಒಮ್ಮೆ ಬಳಸಿ ನೋಡಿ.

ಲೊಕೇಶನ್ ತೋರಿಸುವ ಸೌಲಭ್ಯಕ್ಕೂ ಇದೇ ಮಿತಿ. ಫೋನ್ ಆನ್ ಇರಬೇಕು, ನೆಟ್‌ವರ್ಕ್ ಇರಬೇಕು. ರಸ್ತೆಗೆ ಮರ ಬಿದ್ದು ಶಾಲೆಯ ಬಸ್ ತಡವಾದ ದಿನ ಭೂಪಟದ ಚುಕ್ಕೆ ಹಳೆಯ ಜಾಗದಲ್ಲೇ ನಿಂತಿದ್ದರೆ ಗಾಬರಿ ಬೇಡ. ಕೊನೆಯದಾಗಿ ಯಾವ ಹೊತ್ತಿಗೆ ತಿಳಿದದ್ದು ಎಂಬುದನ್ನು ನೋಡಿ, ಬಸ್ಸಿನವರಿಗೆ ಫೋನ್ ಮಾಡಿ.

ಸೋಸುವ ಕೆಲಸ ಹೇಗೆ? ಕ್ರೋಮ್‌ನಲ್ಲಿ ಮೂರು ಆಯ್ಕೆ: ಎಲ್ಲ ತಾಣ, ಅಶ್ಲೀಲವಾದದ್ದನ್ನು ತಡೆಯಲು ಯತ್ನ, ನೀವು ಒಪ್ಪಿದ ತಾಣ ಮಾತ್ರ. ಹತ್ತರ ಒಳಗಿನ ಮಗುವಿಗೆ ಮೂರನೆಯದು, ಆಮೇಲೆ ಎರಡನೆಯದು ಸರಿ. ಮಗುವಿನ ಖಾತೆಯಲ್ಲಿ ಕ್ರೋಮ್‌ನ ಇನ್‌ಕಾಗ್ನಿಟೊ (ನೋಡಿದ್ದರ ದಾಖಲೆ ಉಳಿಯದ ಕಿಟಕಿ) ತೆರೆಯುವುದಿಲ್ಲ. ಆದರೆ ಈ ಸೋಸುವಿಕೆ ಕ್ರೋಮ್‌ಗಷ್ಟೇ. ಫೋನಿನ ಜೊತೆಗೇ ಬರುವ ಇನ್ನೊಂದು ಬ್ರೌಸರ್ ಇದ್ದರೆ ಮಗು ಅದರಿಂದ ಎಲ್ಲಿಗೂ ಹೋಗಬಹುದು. ಆ್ಯಪುಗಳ ಪಟ್ಟಿ ತೆರೆದು ಬೇರೆ ಬ್ರೌಸರುಗಳನ್ನೆಲ್ಲ ಬ್ಲಾಕ್ ಮಾಡಿ. ಯೂಟ್ಯೂಬಿನಲ್ಲಿ ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್. 9 ದಾಟಿದವರಿಗೆ ಮಾಮೂಲಿ ಯೂಟ್ಯೂಬಿಗೆ ಪೋಷಕರು ಆರಿಸುವ ಮೂರು ಹಂತಗಳ ಪೈಕಿ ‘ಎಕ್ಸ್‌ಪ್ಲೋರ್’ ಸಾಕು. ಅದರ ಮೇಲಿನ ‘ಎಕ್ಸ್‌ಪ್ಲೋರ್ ಮೋರ್’ 13ರ ಆಸುಪಾಸಿನವರಿಗೆ ಮಾಡಿದ್ದು, ‘ಮೋಸ್ಟ್ ಆಫ್ ಯೂಟ್ಯೂಬ್’ನಲ್ಲಿ 18+ ಗುರುತಿನವು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಇರುತ್ತದೆ. ಸೋಸುವುದು ಯಂತ್ರವಾದ್ದರಿಂದ ಯಾವ ಭಾಷೆಯಲ್ಲೂ ನೂರಕ್ಕೆ ನೂರು ನಂಬುವಂತಿಲ್ಲ.

ಹೆಚ್ಚಿನವರು ತೆರೆದೇ ನೋಡದ ಒಂದು ಜಾಗವಿದೆ: ಆ್ಯಪಿನಲ್ಲಿ ಮಗುವಿನ ಫೋನಿನ ಹೆಸರಿನಡಿ ಬರುವ ಸೆಟ್ಟಿಂಗ್. ಅಲ್ಲಿ ಬೇರೆ ಬಳಕೆದಾರರನ್ನು ಸೇರಿಸುವುದು, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕುವುದು, ಡೆವಲಪರ್ ಆಯ್ಕೆಗಳು, ಈ ಮೂರನ್ನೂ ಆಫ್ ಮಾಡಿ. ಗೆಳೆಯ ಬ್ಲೂಟೂತ್‌ನಲ್ಲಿ ಕಳಿಸಿದ ಗೇಮ್ ನುಗ್ಗುವುದೂ ಗೆಸ್ಟ್ ಖಾತೆ ತೆರೆದು ಮಿತಿ ದಾಟುವುದೂ ಈ ಕಿಂಡಿಗಳಿಂದಲೇ. ಪ್ಲೇ ಸ್ಟೋರಿನ ಒಪ್ಪಿಗೆಯನ್ನು ‘ಎಲ್ಲದಕ್ಕೂ’ ಎಂದು ಇಡಿ. ಒಮ್ಮೆ ಒಪ್ಪಿದ ಆ್ಯಪನ್ನು ಅಳಿಸಿ ಮತ್ತೆ ಹಾಕಲು ಒಪ್ಪಿಗೆ ಬೇಕಿಲ್ಲ ಎಂಬುದು ನೆನಪಿರಲಿ. ಬೇಡವಾದದ್ದನ್ನು ಅಳಿಸಿದರೆ ಸಾಲದು, ಬ್ಲಾಕ್ ಮಾಡಬೇಕು.

ಇಷ್ಟೆಲ್ಲ ಮಾಡಿದರೂ ಫ್ಯಾಮಿಲಿ ಲಿಂಕ್‌ಗೆ ಕಾಣದ ಜಾಗವೊಂದು ಉಳಿಯುತ್ತದೆ, ಅದೇ ಅಪಾಯದ ಜಾಗ. ವಾಟ್ಸ್‌ಆ್ಯಪಿನಲ್ಲಿ ಯಾರು ಏನು ಕಳಿಸಿದರು, ಗೇಮಿನೊಳಗೆ ಯಾರ ಜೊತೆ ಮಾತು ನಡೆಯಿತು ಎಂಬುದು ಅದಕ್ಕೆ ತಿಳಿಯದು. ಎಷ್ಟು ಹೊತ್ತು ಬಳಕೆಯಾಯಿತು ಎಂದಷ್ಟೇ ಹೇಳುತ್ತದೆ. ಹಾಗಾಗಿ ಆಯಾ ಆ್ಯಪಿನೊಳಗೆ ಹೋಗಿ ಬಾಗಿಲು ಹಾಕಬೇಕು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ತಾನಾಗಿ ಖಾತೆ ತೆರೆಯಲು ಕಂಪನಿಗಳೇ ಇಟ್ಟ ಕನಿಷ್ಠ ವಯಸ್ಸು 13. ಶಾಲೆಯ ಗುಂಪು ಅಪ್ಪ ಅಥವಾ ಅಮ್ಮನ ಫೋನಿನಲ್ಲೇ ಇರಲಿ. ಹದಿಮೂರು ದಾಟಿದವರ ವಾಟ್ಸ್‌ಆ್ಯಪಿನಲ್ಲಿ ‘ಪ್ರೈವಸಿ’ಗೆ ಹೋಗಿ ಗುಂಪಿಗೆ ಸೇರಿಸುವ ಹಕ್ಕು ಮತ್ತು ಪ್ರೊಫೈಲ್ ಫೋಟೋ ‘ಮೈ ಕಾಂಟ್ಯಾಕ್ಟ್ಸ್’ಗೆ ಮಾತ್ರ ಎಂದು ಇಟ್ಟು, ಗೊತ್ತಿಲ್ಲದವರ ಕರೆ ಸದ್ದು ಮಾಡದಂತೆ ಮಾಡಿ, ಎರಡು ಹಂತದ ಪಿನ್ ಹಾಕಿ. ಭಾರತದಲ್ಲಿ 2025ರಿಂದ ಹದಿಹರೆಯದವರ ಇನ್‌ಸ್ಟಾಗ್ರಾಮ್ ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, 16 ತುಂಬದವರು ಅದನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಇದೂ ನಿಂತಿರುವುದು ಹುಟ್ಟಿದ ದಿನಾಂಕದ ಮೇಲೆಯೇ. ಗೇಮುಗಳಲ್ಲಿ ವಾಯ್ಸ್ ಚಾಟ್ ಆಫ್ ಮಾಡಿ, ಮೊದಲ ದಿನವೇ.

ಮಗುವಿಗೆ ಹೇಳಿಡಬೇಕಾದ ಮಾತೂ ಇದೆ: “ಯಾರಾದರೂ ಫೋಟೋ ಕೇಳಿದರೆ, ಅಮ್ಮನಿಗೆ ಹೇಳಬೇಡ ಅಂದರೆ, ಗೇಮಿನಲ್ಲಿ ಡೈಮಂಡ್ ಕೊಡ್ತೀನಿ ಒಟಿಪಿ ಹೇಳು ಅಂದರೆ, ನನಗೆ ಹೇಳು ಮಗಾ. ಬೈಯಲ್ಲ, ಫೋನ್ ಕಿತ್ಕೊಳಲ್ಲ.” ಕೊನೆಯ ಮಾತನ್ನು ಉಳಿಸಿಕೊಳ್ಳಲೇಬೇಕು. ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡದಿರುವುದಕ್ಕೆ ಫೋನ್ ಹೋಗುತ್ತದೆಂಬ ಹೆದರಿಕೆ ದೊಡ್ಡ ಕಾರಣ, ಹೆದರಿಸುವವರು ಬಳಸಿಕೊಳ್ಳುವುದೂ ಅದನ್ನೇ. ಮನೆಯಲ್ಲಿ ಆಡುವುದು ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ಮಲಯಾಳ ಆಗಲಿ, ಈ ಮಾತು ಆ ಭಾಷೆಯಲ್ಲೇ ಬರಲಿ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಪೇಟೆಯ ಬಾಡಿಗೆ ಮನೆಗಳಲ್ಲಿ ನಾಲ್ಕೈದು ಜನಕ್ಕೆ ಒಂದೇ ಫೋನ್ ಇರುವುದು ಸಾಮಾನ್ಯ. ಅಲ್ಲಿ ಮಾಡಬೇಕಾದದ್ದು ಬೇರೆ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ‘ಫ್ಯಾಮಿಲಿ’ಯೊಳಗೆ ‘ಪೇರೆಂಟಲ್ ಕಂಟ್ರೋಲ್ಸ್’ ಆನ್ ಮಾಡಿ ವಯಸ್ಸಿನ ಮಿತಿ ಆರಿಸಿ, ಪಿನ್ ಇಡಿ. ಖರೀದಿಗೆ ಪ್ರತಿ ಸಲ ದೃಢೀಕರಣ ಕೇಳುವಂತೆ ಮಾಡಿ. ಮಗುವಿಗೆ ಕೊಡುವಾಗ ಆ್ಯಪ್ ಪಿನ್ನಿಂಗ್ ಬಳಸಿ: ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಅದನ್ನು ಆನ್ ಮಾಡಿ, ಬಿಡಿಸಲು ಪಿನ್ ಕೇಳುವಂತೆ ಇಟ್ಟರೆ ಯೂಟ್ಯೂಬ್ ಕಿಡ್ಸ್ ತೆರೆದುಕೊಟ್ಟ ಮಗು ಫೋನ್‌ಪೇಗೆ ಹೋಗಲಾರದು. ಸ್ಯಾಮ್ಸಂಗ್ ಗ್ಯಾಲಕ್ಸಿ ಆದರೆ ‘ಸ್ಯಾಮ್ಸಂಗ್ ಕಿಡ್ಸ್’ ಅದರಲ್ಲೇ ಇದೆ, ಇನ್ನೂ ಸುಲಭ. ಬಳಕೆಯ ಹೊತ್ತು ಲೆಕ್ಕವಿಡಲು ಫೋನಿನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್‌ನ ಟೈಮರ್ ನಂಬಬೇಡಿ, ಮಗುವೇ ತೆಗೆದುಬಿಡಬಹುದು. ಯುಪಿಐ ಪಿನ್ ಮಗುವಿನ ಎದುರು ಒತ್ತಬೇಡಿ.

ಏನಾದರೂ ನಡೆದುಹೋದರೆ ಗಾಬರಿಯಲ್ಲಿ ಚಾಟ್ ಅಳಿಸುವುದೇ ಎಲ್ಲರೂ ಮಾಡುವ ತಪ್ಪು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ: ಮಾತುಕತೆ, ಆ ಖಾತೆಯ ಹೆಸರು, ಲಿಂಕ್, ತಾರೀಕು, ಹಣ ಹೋಗಿದ್ದರೆ ವಹಿವಾಟಿನ ಸಂಖ್ಯೆ. ಆದರೆ ಚಿತ್ರ ಮಗುವಿನ ಖಾಸಗಿಯದಾದರೆ ಅದನ್ನು ಯಾರಿಗೂ, ನಂಟರಿಗೂ ಫಾರ್ವರ್ಡ್ ಮಾಡಬೇಡಿ, ಹಂಚುವುದೇ ಅಪರಾಧ. ಆಮೇಲೆ ಬ್ಲಾಕ್ ಮಾಡಿ. ಎಷ್ಟೇ ಬೆದರಿಸಿದರೂ ದುಡ್ಡು ಕಳಿಸಬೇಡಿ, ಕಳಿಸಿದವರಿಗೆ ಬೇಡಿಕೆ ಮತ್ತೆ ಬರುತ್ತದೆ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದ ದೂರಿಗೆ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗವಿದೆ. ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹತ್ತಿರದ ಠಾಣೆಗೂ ಹೋಗಬಹುದು. ಮಕ್ಕಳ ಸಹಾಯವಾಣಿ 1098. 18ರ ಒಳಗಿನವರ ಖಾಸಗಿ ಚಿತ್ರ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ: ಚಿತ್ರವನ್ನು ಎಲ್ಲಿಗೂ ಕಳಿಸದೆ, ಫೋನಿನಲ್ಲೇ ಅದರ ಅಂಕಿಗುರುತು ಮಾಡಿ ಆ ಗುರುತನ್ನು ಮಾತ್ರ ಸೇರಿಕೊಂಡ ಕಂಪನಿಗಳಿಗೆ ಕೊಡುತ್ತದೆ. ಮಗು ಊಟ ಬಿಟ್ಟು, ನಿದ್ದೆಗೆಟ್ಟು, ಶಾಲೆಗೆ ಹೋಗಲೊಲ್ಲೆ ಎನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಈ ಮೂರು ನಂಬರುಗಳನ್ನು ಮಗುವಿನ ಫೋನಿನಲ್ಲೂ ಸೇವ್ ಮಾಡಿಡಿ. ಇಂಟರ್‌ನೆಟ್ ಇಲ್ಲದ ದಿನವೂ ಕರೆ ಹೋಗಬಹುದು.